ಮನೆಯೊಳಗಿನ ಸೈಕ್ಲಿಂಗಿಗೆ ನಾನು ಟ್ರೇನರ್ ಆರಿಸಿಕೊಂಡ ಬಗೆ

ಸೈಕಲ್ಲನ್ನು ಮನೆಯಲ್ಲಿ ನಿಂತಲ್ಲೇ ತುಳಿಯಲು ಬಳಸುವ ಸಾಧನಕ್ಕೆ ಟ್ರೇನರ್ ಎನ್ನುತ್ತಾರೆ. ಕಳೆದ ಆರು ವರ್ಷಗಳಲ್ಲಿ ನಾನು ಎರಡು ಟ್ರೇನರ್‌ಗಳನ್ನು ಕೊಂಡಿದ್ದೇನೆ, ಮೂರನೆಯದೊಂದನ್ನು ಸ್ನೇಹಿತರಿಂದ ಎರವಲು ತಂದು ಎರಡು ತಿಂಗಳು ಬಳಸಿದ್ದೇನೆ. ಮೊದಲನೆಯದನ್ನು ಬೆಲೆಯೊಂದನ್ನೇ ನೋಡಿ ಕೊಂಡೆ. ಎರಡನೆಯದಕ್ಕಾಗಿ ತಿಂಗಳುಗಟ್ಟಲೆ ಓದಿದೆ, ಕೋಷ್ಟಕಗಳನ್ನು ಹೋಲಿಸಿದೆ, ಆದರೂ ಆ ಓದಿನ ಬಹುಪಾಲು ನನಗೆ ಬೇಕಿಲ್ಲದ ವಿವರಗಳ ಮೇಲೆಯೇ ವ್ಯಯವಾಯಿತು. ನನ್ನ ಸೈಕಲ್ಲಿನ ಹಿಂದಿನ ಆಕ್ಸಲ್ (ಚಕ್ರದ ಅಚ್ಚು) ಯಾವ ಬಗೆಯದು, ಅದನ್ನು ಇಡುವ ಕೋಣೆ ಎಂಥದ್ದು, ಸೈಕಲ್ಲು ಟ್ರೇನರ್ ಮೇಲೆಯೇ ಇರುತ್ತದೆಯೋ ವಾರಕ್ಕೆರಡು ಸಲ ಇಳಿಸಿ ರಸ್ತೆಗೆ ಒಯ್ಯಬೇಕೋ ಎಂಬ ಮೂರು ಪ್ರಶ್ನೆಗಳನ್ನು ಮೊದಲೇ ಕೇಳಿಕೊಂಡಿದ್ದರೆ ಆಯ್ಕೆ ಒಂದು ಸಂಜೆಯಲ್ಲಿ ಮುಗಿಯುತ್ತಿತ್ತು.

ಮೊದಲನೆಯದು ಹಿಂದಿನ ಚಕ್ರವನ್ನು ಹಾಗೆಯೇ ಇಟ್ಟುಕೊಂಡು ತುಳಿಯುವ, ಆಯಸ್ಕಾಂತದ ತಡೆಯ ಟ್ರೇನರ್. ಹಿಂದಿನ ಆಕ್ಸಲ್ಲನ್ನು ಎರಡೂ ಕಡೆಯಿಂದ ಹಿಡಿದು ಚಕ್ರವನ್ನು ನೆಲದಿಂದ ಎತ್ತುವ ಒಂದು ಕಬ್ಬಿಣದ ಚೌಕಟ್ಟು, ಟೈರಿಗೆ ಒತ್ತಿಕೊಂಡು ಉರುಳುವ ಒಂದು ಸಣ್ಣ ರೋಲರ್, ಆ ರೋಲರಿನ ಜೊತೆ ತಿರುಗುವ ಲೋಹದ ತಟ್ಟೆಯ ಬಳಿ ಹತ್ತಿರ ದೂರ ಸರಿಯುವ ಆಯಸ್ಕಾಂತಗಳು, ಅವನ್ನು ಸರಿಸಲು ಹ್ಯಾಂಡಲ್ಲಿಗೆ ಕಟ್ಟಿದ ಒಂದು ಸನ್ನೆ, ಯಂತ್ರವೆಂದರೆ ಇಷ್ಟೇ. ವಿದ್ಯುತ್ತು ಬೇಡ, ಕೆಡುವಂಥದ್ದು ಕಡಿಮೆ, ಮಡಚಿ ಮಂಚದ ಕೆಳಗೆ ತಳ್ಳಬಹುದು. ಇದೇ ಜಾತಿಯಲ್ಲಿ ಆಯಸ್ಕಾಂತದ ಬದಲು ಸಿಲಿಕೋನ್ ಎಣ್ಣೆಯೊಳಗೆ ರೆಕ್ಕೆಗಳು ತಿರುಗುವ ಟ್ರೇನರ್‌ಗಳೂ ಇವೆ. ಅವುಗಳಲ್ಲಿ ವೇಗ ಹೆಚ್ಚಿದಂತೆ ತಡೆ ತಾನಾಗಿಯೇ ತೀವ್ರವಾಗಿ ಏರುವುದರಿಂದ, ರಸ್ತೆಯ ಮೇಲೆ ಗಾಳಿಯನ್ನು ಸೀಳಿಕೊಂಡು ಹೋಗುವ ಅನುಭವಕ್ಕೆ ಅವು ಹೆಚ್ಚು ಹತ್ತಿರ. ಗಾಳಿಯ ತಡೆಯನ್ನು ಮೀರಲು ಬೇಕಾದ ಶಕ್ತಿಯು ವೇಗದ ಘನಕ್ಕೆ ಅನುಗುಣವಾಗಿ ಬೆಳೆಯುತ್ತದೆ, ಅಂದರೆ ವೇಗ ಇಮ್ಮಡಿಯಾದರೆ ಶಕ್ತಿ ಎಂಟು ಪಟ್ಟು ಬೇಕು. ಆಯಸ್ಕಾಂತದ ಟ್ರೇನರಿನಲ್ಲಿ ಏರಿಕೆ ಅಷ್ಟು ಕಡಿದಾಗಿರುವುದಿಲ್ಲ, ಹಾಗಾಗಿ ನನ್ನ ಮೊದಲ ಟ್ರೇನರ್ ಮೇಲೆ ವೇಗ ಹೆಚ್ಚಿಸುವುದು ವಿಚಿತ್ರವಾಗಿ ಸುಲಭವೆನಿಸುತ್ತಿತ್ತು.

ಅದರ ಮೇಲೆ ಒಂದೂವರೆ ವರ್ಷ ತುಳಿದೆ, ಬೆವರಿದೆ, ಕಾಲುಗಳು ಬಲಗೊಂಡವು. ಬೇಸರ ಶುರುವಾದದ್ದು ನಾನು ಲೆಕ್ಕ ಇಡಲು ಹೊರಟಾಗ. ಹಿಂದಿನ ಚಕ್ರಕ್ಕೊಂದು ವೇಗದ ಸೆನ್ಸರ್ ಕಟ್ಟಿದರೆ, ಆ ಟ್ರೇನರಿನ ತಡೆಯ ಗುಣವನ್ನು ಆಧರಿಸಿ ತರಬೇತಿಯ ಆ್ಯಪ್ ನಾನು ಎಷ್ಟು ವ್ಯಾಟ್ ಶಕ್ತಿಯಿಂದ ತುಳಿಯುತ್ತಿದ್ದೇನೆಂದು ಅಂದಾಜು ಮಾಡಿ ತೋರಿಸುತ್ತದೆ. ಒಂದು ದಿನ ಇಪ್ಪತ್ತು ನಿಮಿಷದ ಸರಾಸರಿ 205 ವ್ಯಾಟ್ ಬಂದಿತು, ಮೂರು ದಿನ ಬಿಟ್ಟು ಅದೇ ಉಸಿರಾಟ, ಅದೇ ಹೃದಯ ಬಡಿತದಲ್ಲಿ 180 ಬಂದಿತು. ನಾನು ದುರ್ಬಲನಾಗಿರಲಿಲ್ಲ, ಟೈರಿನ ಗಾಳಿ ಇಳಿದಿತ್ತು. ಗಾಳಿ ಕಡಿಮೆಯಾದರೆ ಟೈರು ರೋಲರಿನ ಮೇಲೆ ಹೆಚ್ಚು ಚಪ್ಪಟೆಯಾಗುತ್ತದೆ, ಉರುಳುವಿಕೆಯಲ್ಲೇ ಶಕ್ತಿ ಸೋರಿಹೋಗುತ್ತದೆ, ಅಷ್ಟೇ ಶ್ರಮಕ್ಕೆ ಚಕ್ರ ನಿಧಾನವಾಗುತ್ತದೆ, ಆ್ಯಪ್ ಆ ನಿಧಾನವನ್ನು ನನ್ನ ಸೋಮಾರಿತನವೆಂದು ಓದುತ್ತದೆ. ರೋಲರನ್ನು ಟೈರಿಗೆ ಒತ್ತುವ ತಿರುಪನ್ನು ಅರ್ಧ ಸುತ್ತು ಹೆಚ್ಚು ಬಿಗಿದರೂ ಇದೇ ಕಥೆ. ಆ ಬಳಿಕ ಪ್ರತಿ ಸಲವೂ ಟೈರಿನ ಗಾಳಿ ಅಳೆದು, ತಿರುಪಿನ ಸುತ್ತುಗಳನ್ನು ಎಣಿಸಿ ಕೂರಿಸುವುದನ್ನು ರೂಢಿ ಮಾಡಿಕೊಂಡೆ. ಸಂಖ್ಯೆಗಳು ನಿಜವಾದವೆಂದು ಹೇಳಲಾರೆ, ಆದರೆ ಒಂದಕ್ಕೊಂದು ಹೋಲಿಸುವಂತಾದವು, ತರಬೇತಿಗೆ ಬೇಕಾದದ್ದೂ ಅದೇ. ಈಗ ಯಾರಾದರೂ ಚಕ್ರ ಇಟ್ಟುಕೊಂಡು ತುಳಿಯುವ ಟ್ರೇನರ್ ಕೊಳ್ಳುತ್ತೇನೆಂದರೆ, ಮೊದಲು ಗೇಜು ಇರುವ ಪಂಪೊಂದನ್ನು ಇಟ್ಟುಕೊಳ್ಳಿ ಎನ್ನುತ್ತೇನೆ. ಹಿಂದಿನ ಚಕ್ರಕ್ಕೆ ನುಣುಪಾದ ಟೈರು ಇರಬೇಕೆಂಬುದು ಇನ್ನೊಂದು ಮಾತು. ಮೌಂಟನ್ ಬೈಕಿನ ಗುಬುಟು ಟೈರು ರೋಲರಿನ ಮೇಲೆ ಹಿಟ್ಟಿನ ಗಿರಣಿಯಂತೆ ಸದ್ದು ಮಾಡುತ್ತದೆ, ಬೇಗ ಸವೆಯುತ್ತದೆ.

ನಡುವೆ ಎರವಲು ತಂದದ್ದು ರೋಲರ್ಸ್, ಅಂದರೆ ಸೈಕಲ್ಲನ್ನು ಎಲ್ಲಿಯೂ ಕಟ್ಟದೆ ಮೂರು ಉರುಳೆಗಳ ಮೇಲೆ ಬಿಟ್ಟು ತುಳಿಯುವ ಸಾಧನ. ಮೊದಲ ವಾರ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡೇ ತುಳಿದೆ, ಎರಡನೆಯ ವಾರ ಒಂದು ಸಲ ಬಿದ್ದೆ, ಮೂರನೆಯ ವಾರದಿಂದ ಅದರ ಸೊಗಸು ತಿಳಿಯಿತು. ಪೆಡಲಿನ ಸುತ್ತು ಸಮವಾಗಿಲ್ಲದಿದ್ದರೆ ಅದು ಕೂಡಲೇ ಹೇಳಿಬಿಡುತ್ತದೆ. ಆದರೆ ಜೋರಾಗಿ ತುಳಿದು, ತಲೆ ತಗ್ಗಿಸಿ, ಬೆವರು ಕಣ್ಣಿಗಿಳಿದಾಗಲೂ ತೂಕ ತಪ್ಪದಂತೆ ಕೂರಬೇಕೆಂದರೆ ನನ್ನಂಥವನಿಗೆ ಆಗದ ಮಾತು. ಹಗುರ ವ್ಯಾಯಾಮಕ್ಕೂ ಸ್ಪರ್ಧೆಯ ಮುನ್ನ ಮೈ ಬಿಸಿ ಮಾಡಿಕೊಳ್ಳುವುದಕ್ಕೂ ಅದನ್ನು ಮೆಚ್ಚುತ್ತೇನೆ, ಮನೆಯ ಏಕೈಕ ಸಾಧನವಾಗಿ ಒಪ್ಪಲಾರೆ.

ಎರಡನೆಯ ಖರೀದಿಗೆ ಹೊರಟಾಗ ಹಿಂದಿನ ಚಕ್ರವನ್ನು ಕಳಚಿ, ಚೈನನ್ನು ನೇರವಾಗಿ ಟ್ರೇನರಿನ ಕ್ಯಾಸೆಟ್ಟಿಗೆ (ಹಿಂದಿನ ಹಲ್ಲುಚಕ್ರಗಳ ಗುಂಪಿಗೆ) ಹಾಕುವ ಡೈರೆಕ್ಟ್ ಡ್ರೈವ್ ಬಗೆಯದೇ ಬೇಕೆಂದು ನಿರ್ಧರಿಸಿಯಾಗಿತ್ತು. ಟೈರಿನ ಗಾಳಿಯ ಲೆಕ್ಕವೇ ಇಲ್ಲವಾಗುತ್ತದೆ, ಚಕ್ರ ಜಾರುವುದಿಲ್ಲ, ಟೈರು ಸವೆಯುವುದಿಲ್ಲ. ಆಗ ನನ್ನನ್ನು ಎಳೆದುಕೊಂಡು ಹೋದದ್ದು ಮೂರು ಸಂಖ್ಯೆಗಳು: ಗರಿಷ್ಠ ವ್ಯಾಟ್, ಟ್ರೇನರ್ ಅನುಕರಿಸಬಲ್ಲ ಗರಿಷ್ಠ ಏರು, ವ್ಯಾಟ್ ಅಳತೆಯ ನಿಖರತೆ. ಗರಿಷ್ಠ ಏರಿನ ವಿಷಯದಲ್ಲಿ ಒಂದು ಸಂಜೆ ಕಾಗದ ಹಿಡಿದು ಲೆಕ್ಕ ಹಾಕಿದೆ. ನಾನೂ ಸೈಕಲ್ಲೂ ಸೇರಿ 80 ಕಿಲೋ. ಶೇ. 20ರ ಏರನ್ನು ಗಂಟೆಗೆ 7 ಕಿ.ಮೀ. ವೇಗದಲ್ಲಿ, ಅಂದರೆ ಚುರುಕಾದ ನಡಿಗೆಗಿಂತ ತುಸುವೇ ಬೇಗ, ಹತ್ತಬೇಕಾದರೂ ಸುಮಾರು 300 ವ್ಯಾಟ್ ಬೇಕು. ಅಷ್ಟನ್ನು ನಾನು ಮೂರು ನಾಲ್ಕು ನಿಮಿಷಕ್ಕಿಂತ ಹೆಚ್ಚು ಹೊತ್ತು ಕೊಡಲಾರೆ. ಹಾಗಿರುವಾಗ ಶೇ. 25ರ ಏರನ್ನು ಅನುಕರಿಸುವ ಟ್ರೇನರಿಗಾಗಿ ಹೆಚ್ಚು ಹಣ ತೆರುವುದು ಏಕೆ? ಗರಿಷ್ಠ 2,000 ವ್ಯಾಟ್ ಎಂಬುದೂ ಹಾಗೆಯೇ: ಅದು ಓಟದ ಕೊನೆಯಲ್ಲಿ ಸಿಡಿದೇಳುವ ಬಲಶಾಲಿಗಳ ಲೆಕ್ಕ.

ನಿಖರತೆಯ ಪ್ರಶ್ನೆ ಅಷ್ಟು ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ. ಶೇ. 2ರ ವ್ಯತ್ಯಾಸವೆಂದರೆ 200 ವ್ಯಾಟಿಗೆ ಆಚೀಚೆ 4 ವ್ಯಾಟ್, ಶೇ. 5 ಎಂದರೆ 10 ವ್ಯಾಟ್. 2020ರ ಡಿಸೆಂಬರಿನಲ್ಲಿ ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವು ಜ್ವಿಫ್ಟ್ ಎಂಬ ಆನ್‌ಲೈನ್ ಸೈಕ್ಲಿಂಗ್ ವೇದಿಕೆಯಲ್ಲಿ ಮೊದಲ ಇ-ಸ್ಪೋರ್ಟ್ಸ್ ವಿಶ್ವ ಚಾಂಪಿಯನ್‌ಶಿಪ್ ನಡೆಸಿತು. ಮನೆಯಲ್ಲಿ ಕುಳಿತು ಹಾಗೆ ಸ್ಪರ್ಧಿಸುವವರಿಗೆ ಆ ಹತ್ತು ವ್ಯಾಟ್ ಸೋಲು ಗೆಲುವಿನ ಮಾತು. ನನಗಾದರೋ ಇಂದಿನ ಸಂಖ್ಯೆಯೂ ಮುಂದಿನ ತಿಂಗಳ ಸಂಖ್ಯೆಯೂ ಒಂದೇ ಅಳತೆಗೋಲಿನವಾಗಿದ್ದರೆ ಸಾಕು. ಆದ್ದರಿಂದ ಮಧ್ಯಮ ದರ್ಜೆಯ ಟ್ರೇನರನ್ನೇ ಆರಿಸಿದೆ. ಹತ್ತು ನಿಮಿಷ ತುಳಿದು ಯಂತ್ರ ಬಿಸಿಯಾದ ಮೇಲೆ, ಒಂದು ವೇಗ ಮುಟ್ಟಿ ಕಾಲು ನಿಲ್ಲಿಸಿ, ಅದು ತಾನಾಗಿ ನಿಲ್ಲಲು ಎಷ್ಟು ಹೊತ್ತು ಹಿಡಿಯುತ್ತದೆಂದು ಅದಕ್ಕೇ ಅಳೆಯಲು ಬಿಡುವ ಸ್ಪಿನ್ ಡೌನ್ ಎಂಬ ಕ್ರಮವನ್ನು ತಿಂಗಳಿಗೊಮ್ಮೆ ಮಾಡುತ್ತೇನೆ.

ಇಷ್ಟೆಲ್ಲ ಲೆಕ್ಕ ಹಾಕಿದವನು ಆಕ್ಸಲ್ಲಿನಲ್ಲಿ ಎಡವಿದೆ. ನನ್ನ ಹಳೆಯ ಸೈಕಲ್ಲಿನ ಹಿಂದಿನ ಚಕ್ರ ಕ್ವಿಕ್ ರಿಲೀಸಿನದು, ಅಂದರೆ ಸಣ್ಣ ಸನ್ನೆ ತಿರುಗಿಸಿ ಬಿಡಿಸುವಂಥದ್ದು, ಅಚ್ಚು ಕೂರುವ ಜಾಗದ ಅಗಲ 130 ಮಿ.ಮೀ. ಅಷ್ಟರಲ್ಲಿ ಕೊಂಡಿದ್ದ ಹೊಸ ಸೈಕಲ್ಲಿಗೆ ಡಿಸ್ಕ್ ಬ್ರೇಕ್, 12 ಮಿ.ಮೀ. ದಪ್ಪ 142 ಮಿ.ಮೀ. ಅಗಲದ ಥ್ರೂ ಆಕ್ಸಲ್, ಅಂದರೆ ಚೌಕಟ್ಟಿನೊಳಗೆ ತಿರುಪಿ ಬಿಗಿಯುವ ಅಚ್ಚು. ಟ್ರೇನರ್ ಎರಡಕ್ಕೂ ಹೊಂದುತ್ತದೆಂದು ಅಂಗಡಿಯವರು ಹೇಳಿದ್ದು ಸುಳ್ಳಾಗಿರಲಿಲ್ಲ, ಆದರೆ ಥ್ರೂ ಆಕ್ಸಲ್ಲಿಗೆ ಬೇಕಾದ ಅಡಾಪ್ಟರ್ ಪೆಟ್ಟಿಗೆಯಲ್ಲಿ ಇರಲಿಲ್ಲ, ಬೇರೆಯಾಗಿ ತರಿಸಬೇಕಾಗಿತ್ತು. ಕ್ಯಾಸೆಟ್ಟೂ ಇರಲಿಲ್ಲ. ಹಳೆಯ ಸೈಕಲ್ಲನ್ನೇ ಏರಿಸೋಣವೆಂದು ಅದರ 9 ಗೇರಿನ ಕ್ಯಾಸೆಟ್ ಕಳಚಿ ಹಾಕಿದರೆ ಅದು ಲಟಲಟ ಅಲುಗಾಡಿತು, ಏಕೆಂದರೆ ಕ್ಯಾಸೆಟ್ ಕೂರುವ ಭಾಗವಾದ ಟ್ರೇನರಿನ ಫ್ರೀಹಬ್ 11 ಗೇರಿಗೆ ಮಾಡಿದ್ದರಿಂದ ತುಸು ಉದ್ದ, ಹಿಂದುಗಡೆ 1.85 ಮಿ.ಮೀ. ದಪ್ಪದ ಸ್ಪೇಸರ್ ಬಳೆಯೊಂದನ್ನು ಮೊದಲು ಏರಿಸಬೇಕು. ಆ ಬಳೆ ಪೆಟ್ಟಿಗೆಯ ಮೂಲೆಯಲ್ಲೇ ಇತ್ತು, ನಾನು ಅದನ್ನು ಪ್ಯಾಕಿಂಗಿನ ಕಸವೆಂದು ಬದಿಗಿಟ್ಟಿದ್ದೆ. ಕ್ಯಾಸೆಟ್ ಕಳಚಲು ಚೈನ್ ವಿಪ್ ಮತ್ತು ಲಾಕ್‌ರಿಂಗ್ ಟೂಲ್ ಬೇಕೇ ಬೇಕು, ಅವಿಲ್ಲದವರು ಮೆಕ್ಯಾನಿಕ್ಕಿಗೆ ಒಪ್ಪಿಸುವುದು ಒಳ್ಳೆಯದು. ಕೊಳ್ಳುವ ಮೊದಲು ಸೈಕಲ್ಲಿನ ಹಿಂಬದಿಯ ಫೋಟೋ ತೆಗೆದುಕೊಂಡು, ಆಕ್ಸಲ್ಲಿನ ಬಗೆ, ಅಗಲ, ಗೇರುಗಳ ಸಂಖ್ಯೆ, ಕ್ಯಾಸೆಟ್ ಯಾವ ಕಂಪನಿಯದು ಎಂಬ ನಾಲ್ಕನ್ನು ಚೀಟಿಯಲ್ಲಿ ಬರೆದುಕೊಂಡಿದ್ದರೆ ನನಗೆ ಮೂರು ವಾರ ಉಳಿಯುತ್ತಿತ್ತು.

ಡಿಸ್ಕ್ ಬ್ರೇಕಿನವರಿಗೆ ಇನ್ನೊಂದು ಎಚ್ಚರಿಕೆ. ಅಡಾಪ್ಟರ್ ಬಂದು ಹೊಸ ಸೈಕಲ್ಲನ್ನು ಏರಿಸಿದ ಮೊದಲ ದಿನವೇ, ವ್ಯಾಯಾಮ ಮುಗಿಸಿ ಇಳಿಯುವಾಗ ಅಭ್ಯಾಸಬಲದಿಂದ ಹಿಂದಿನ ಬ್ರೇಕನ್ನು ಹಿಡಿದೆ. ಚಕ್ರದ ಜೊತೆ ಡಿಸ್ಕೂ ಕಳಚಿಹೋಗಿ ನಡುವೆ ಏನೂ ಇಲ್ಲದ್ದರಿಂದ ಪ್ಯಾಡುಗಳು ಒಂದಕ್ಕೊಂದು ಅಂಟಿಕೊಂಡವು, ಹೈಡ್ರಾಲಿಕ್ ಪಿಸ್ಟನ್‌ಗಳನ್ನು ಹಿಂದಕ್ಕೆ ತಳ್ಳುವಷ್ಟರಲ್ಲಿ ಅರ್ಧ ಗಂಟೆ ಹಿಡಿಯಿತು. ಪ್ಯಾಡುಗಳ ನಡುವೆ ಸಿಕ್ಕಿಸಲು ಸೈಕಲ್ಲಿನ ಜೊತೆಗೇ ಬರುವ ಪ್ಲಾಸ್ಟಿಕ್ ಬಿಲ್ಲೆಯನ್ನು ಎಸೆಯಬಾರದು.

ನನ್ನ ಎರಡನೆಯದು ಸ್ಮಾರ್ಟ್ ಟ್ರೇನರ್. ಅದರ ಮುಖ್ಯ ಗುಣವೆಂದರೆ ಅದು ತಡೆಯನ್ನು ತಾನೇ ಬದಲಿಸಿಕೊಳ್ಳುತ್ತದೆ. ಆಂಟ್ ಪ್ಲಸ್ ಎಂಬ ತಂತಿರಹಿತ ಸಂಪರ್ಕವಾಗಲಿ ಬ್ಲೂಟೂತ್ ಆಗಲಿ, ಯಾವುದಾದರೊಂದರ ಮೂಲಕ ಆ್ಯಪ್ ಅದಕ್ಕೆ ಆಜ್ಞೆ ಕೊಡುತ್ತದೆ. ಎರಡೂ ಇರುವುದನ್ನು ಕೊಳ್ಳುವುದು ಲೇಸು, ಏಕೆಂದರೆ ಬ್ಲೂಟೂತಿನಲ್ಲಿ ಹಲವು ಟ್ರೇನರ್‌ಗಳು ಒಂದು ಸಲಕ್ಕೆ ಒಂದೇ ಸಾಧನಕ್ಕೆ ಓಗೊಡುತ್ತವೆ. ನಾನು ಲ್ಯಾಪ್‌ಟಾಪಿನಲ್ಲಿ ಹುಡುಕಿ ಬೇಸತ್ತಾಗಲೆಲ್ಲ ಟ್ರೇನರ್ ಜೇಬಿನ ಫೋನಿನ ಜೊತೆ ಕೈಕುಲುಕಿಕೊಂಡು ಕುಳಿತಿರುತ್ತಿತ್ತು. ಎರ್ಗ್ ಕ್ರಮದಲ್ಲಿ 180 ವ್ಯಾಟ್ ಎಂದು ಹೇಳಿದರೆ ಯಾವ ಗೇರಿನಲ್ಲಿದ್ದರೂ ಎಷ್ಟು ಬೇಗ ತುಳಿದರೂ ಅದು 180ನ್ನೇ ಹಿಡಿದಿಡುತ್ತದೆ. ಇದರಲ್ಲೊಂದು ಬಲೆಯಿದೆ. ನಿಮಿಷಕ್ಕೆ 90 ಸುತ್ತು ತುಳಿಯುತ್ತಿದ್ದವನು ದಣಿದು 60ಕ್ಕೆ ಇಳಿದರೆ, ಅಷ್ಟೇ ವ್ಯಾಟ್ ಹಿಡಿದಿಡಲು ಟ್ರೇನರ್ ಪ್ರತಿ ಸುತ್ತಿನ ಭಾರವನ್ನು ಒಂದೂವರೆ ಪಟ್ಟು ಮಾಡುತ್ತದೆ, ಅದರಿಂದ ಕಾಲು ಇನ್ನೂ ನಿಧಾನವಾಗುತ್ತದೆ, ಭಾರ ಇನ್ನೂ ಏರುತ್ತದೆ, ಕೊನೆಗೆ ಕೆಸರಿನಲ್ಲಿ ಹೂತಂತೆ ಪೆಡಲು ನಿಂತೇಬಿಡುತ್ತದೆ. ನಾಲ್ಕು ನಿಮಿಷದ ಕಠಿಣ ಸುತ್ತು ಶುರುವಾಗುವ ಎರಡು ಮೂರು ಸೆಕೆಂಡಿಗೆ ಮುಂಚೆಯೇ ಕಾಲಿನ ವೇಗ ಹೆಚ್ಚಿಸಿಕೊಳ್ಳುವುದನ್ನು ಕಲಿತ ಮೇಲೆ ನನಗೆ ಆ ತೊಂದರೆ ತಪ್ಪಿತು. ಗುರಿಯ ವ್ಯಾಟನ್ನು ನಿಗದಿ ಮಾಡಲು ಇಪ್ಪತ್ತು ನಿಮಿಷ ಪೂರ್ಣ ಶಕ್ತಿಯಿಂದ ತುಳಿದು ಸರಾಸರಿಯ ಶೇ. 95ನ್ನು ತೆಗೆದುಕೊಳ್ಳುವ ಎಫ್‌ಟಿಪಿ (ಸುಮಾರು ಒಂದು ಗಂಟೆ ಹಿಡಿದಿಡಬಲ್ಲ ಶಕ್ತಿ) ಪರೀಕ್ಷೆಯನ್ನು ಎರಡು ಮೂರು ತಿಂಗಳಿಗೊಮ್ಮೆ ಮಾಡುತ್ತೇನೆ; ಆ ದಿನ ಎರ್ಗ್ ಕ್ರಮವನ್ನು ಬಂದ್ ಮಾಡಿಡುತ್ತೇನೆ.

ಸದ್ದಿನ ವಿಷಯದಲ್ಲಿ ತಯಾರಕರು ಹೇಳುವ ಡೆಸಿಬಲ್ ಅಂಕಿಯನ್ನು ನಾನು ಹೆಚ್ಚು ನಂಬಿ ಕೆಟ್ಟೆ. ಟ್ರೇನರ್ ಸದ್ದು ಮಾಡದಿದ್ದರೂ ಚೈನು ಮಾಡುತ್ತದೆ, ಅದರಲ್ಲೂ ಎಣ್ಣೆ ಒಣಗಿದ ಚೈನು. ಅದಕ್ಕಿಂತ ಮಿಗಿಲಾದದ್ದು ನೆಲದ ಮೂಲಕ ಇಳಿಯುವ ಕಂಪನ. ಕೋಣೆಯಲ್ಲಿ ಕುಳಿತವರಿಗೆ ಕೇಳಿಸದ ಗುಂಯ್‌ಗುಡುವಿಕೆ ಕೆಳಗಿನ ಮನೆಯವರ ಮಾಡಿನಲ್ಲಿ ಕೇಳುತ್ತಿತ್ತು. ನಾನು ತುಳಿಯುತ್ತಿರುವಾಗ ಹೆಂಡತಿಯನ್ನು ಅವರ ಮನೆಗೆ ಕಳುಹಿಸಿ ಕೇಳಿಸಿಕೊಂಡು ಬರಲು ಹೇಳಿದ ಮೇಲೆ, ಕೋಣೆಯ ನಡುವಿನಿಂದ ಗೋಡೆಯ ಬದಿಗೆ ಸರಿಸಿ, ಕೆಳಗೆ ದಪ್ಪ ರಬ್ಬರ್ ಹಾಸಿದೆ. ದೂರು ನಿಂತಿತು. ಪೆಡಲಿನ ಬಳಿಯ ಚಿಕ್ಕ ಹಲ್ಲುಚಕ್ರದಲ್ಲಿ (ಚೈನ್‌ರಿಂಗ್) ತುಳಿದರೆ ಟ್ರೇನರಿನ ಭಾರದ ಚಕ್ರ ನಿಧಾನವಾಗಿ ತಿರುಗಿ ಸದ್ದು ತಗ್ಗುವುದರಿಂದ ಮುಂಜಾನೆಯ ಹೊತ್ತು ಅದೇ ನನ್ನ ಆಯ್ಕೆ.

ಯಾವ ಕೋಷ್ಟಕವೂ ಹೇಳದ, ಆದರೆ ನನ್ನ ತುಳಿತವನ್ನು ಎಲ್ಲಕ್ಕಿಂತ ಹೆಚ್ಚು ಬದಲಿಸಿದ ವಸ್ತು ಫ್ಯಾನು. ದೇಹವು ತಾನು ವ್ಯಯಿಸುವ ಶಕ್ತಿಯಲ್ಲಿ ನೂರಕ್ಕೆ ಇಪ್ಪತ್ತು ಇಪ್ಪತ್ತೈದು ಪಾಲನ್ನಷ್ಟೇ ಪೆಡಲಿಗೆ ಕೊಡುತ್ತದೆ, ಉಳಿದದ್ದು ಶಾಖವಾಗುತ್ತದೆ. 150 ವ್ಯಾಟ್ ತುಳಿಯುವವನ ಮೈಯಿಂದ 450ರಿಂದ 600 ವ್ಯಾಟಿನಷ್ಟು ಶಾಖ ಹೊರಹೋಗಬೇಕು. ರಸ್ತೆಯಲ್ಲಿ ಎದುರುಗಾಳಿ ಅದನ್ನು ಒಯ್ಯುತ್ತದೆ, ಕೋಣೆಯಲ್ಲಿ ಒಯ್ಯುವವರಿಲ್ಲ. ಸೀಲಿಂಗ್ ಫ್ಯಾನೊಂದನ್ನೇ ನೆಚ್ಚಿದ್ದ ದಿನಗಳಲ್ಲಿ ಅರ್ಧ ಗಂಟೆಗೆ ಹೃದಯ ಬಡಿತ ನಿಮಿಷಕ್ಕೆ ಹತ್ತು ಹದಿನೈದು ಹೆಚ್ಚಾಗಿ, ಕಾಲು ಬಲಹೀನವೆಂದು ನನ್ನನ್ನೇ ಹಳಿದುಕೊಳ್ಳುತ್ತಿದ್ದೆ. ಎದೆಯ ಮಟ್ಟಕ್ಕೆ ನೇರ ಗಾಳಿ ಬೀಸುವ ಪೆಡೆಸ್ಟಲ್ ಫ್ಯಾನ್ ತಂದಿಟ್ಟ ಮೇಲೆ ಅದೇ ವ್ಯಾಟಿನಲ್ಲಿ ಗಂಟೆಗಟ್ಟಲೆ ಕೂರಲು ಸಾಧ್ಯವಾಯಿತು. ದುಬಾರಿ ಟ್ರೇನರ್ ಕೊಂಡು ಫ್ಯಾನಿಗೆ ಹಣ ಉಳಿಸಿಕೊಳ್ಳದವರನ್ನು ಕಂಡರೆ ನನಗೆ ಅಯ್ಯೋ ಎನಿಸುತ್ತದೆ. ಬೆವರು ಸೈಕಲ್ಲಿಗೂ ಶತ್ರು: ಉಪ್ಪುನೀರು ಹ್ಯಾಂಡಲ್ಲಿನ ಟೇಪಿನಡಿ, ಹ್ಯಾಂಡಲ್ ತಿರುಗುವ ಕೀಲಾದ ಹೆಡ್‌ಸೆಟ್ಟಿನ ಬೇರಿಂಗಿನೊಳಗೆ, ಬೋಲ್ಟುಗಳ ತಲೆಯಲ್ಲಿ ಸದ್ದಿಲ್ಲದೆ ತುಕ್ಕು ಹಿಡಿಸುತ್ತದೆ. ಹ್ಯಾಂಡಲ್ಲಿನ ಮೇಲೊಂದು ಟವೆಲ್ ಹಾಸಿ, ಇಳಿದ ಕೂಡಲೇ ಒದ್ದೆ ಬಟ್ಟೆಯಿಂದ ಒರೆಸುತ್ತೇನೆ.

ಈಗ ಹಳೆಯ ಸೈಕಲ್ಲು ಡೈರೆಕ್ಟ್ ಡ್ರೈವ್ ಮೇಲೆ ಶಾಶ್ವತವಾಗಿ ಕುಳಿತಿದೆ, ಹೊಸದು ರಸ್ತೆಗೆ ಮೀಸಲು. ಏರಿಸಿ ಇಳಿಸುವ ಹತ್ತು ನಿಮಿಷದ ಕೆಲಸ ಎಷ್ಟು ಮುಂಜಾವುಗಳನ್ನು ನುಂಗಿತ್ತೆಂಬುದು ಅದು ತಪ್ಪಿದ ಮೇಲಷ್ಟೇ ತಿಳಿಯಿತು. ಒಂದೇ ಸೈಕಲ್ಲಿರುವವರು ವಾರದಲ್ಲಿ ಹಲವು ಸಲ ಹೊರಗೊಯ್ಯುವುದಾದರೆ ಚಕ್ರ ಕಳಚಬೇಕಿಲ್ಲದ ಬಗೆಯನ್ನೇ ನಾನು ಇಂದಿಗೂ ಸೂಚಿಸುತ್ತೇನೆ. ನನ್ನ ಆಯಸ್ಕಾಂತದ ಟ್ರೇನರನ್ನು ಅಂಥ ಗೆಳೆಯರೊಬ್ಬರಿಗೆ ಕೊಟ್ಟೆ. ಕೊಡುವ ಮುನ್ನ ಅವರ ಸೈಕಲ್ಲಿನ ಆಕ್ಸಲ್ ನೋಡಿಕೊಂಡೆ, ಗೇಜಿನ ಪಂಪು ಇದೆಯೇ ಎಂದು ಕೇಳಿಕೊಂಡೆ.