ತಂಬೂರಿಯ ಜೊತೆಗೆ ಕೇಳಿಸುವ ಗುಂಯ್ ಸದ್ದಿನ ಮೂಲವನ್ನು ಹುಡುಕುವ ಬಗೆ

ಆಲಾಪ ಒಂದು ಕ್ಷಣ ನಿಂತು ತಂಬೂರಿಯ ನಾದವಷ್ಟೇ ಉಳಿದಾಗ ಸ್ಪೀಕರಿನಿಂದ ಗುಂಯ್ ಎನ್ನುವ ಸದ್ದು ಕೇಳಿಸಿದರೆ, ಧಾರವಾಡದಂಥ ಊರಿನ ಕೇಳುಗರಿಗೆ ಅದನ್ನು ಸಹಿಸುವುದು ಕಷ್ಟ. ನಮ್ಮ ವಿದ್ಯುತ್ತು 50 ಹರ್ಟ್ಸ್ ಆವರ್ತನದ್ದಾದ್ದರಿಂದ ಈ ಸದ್ದು ಸಾಮಾನ್ಯವಾಗಿ 50 ಇಲ್ಲವೇ 100 ಹರ್ಟ್ಸ್‌ನಲ್ಲಿರುತ್ತದೆ. ಕಪ್ಪು ಒಂದರ (ಹಾರ್ಮೋನಿಯಮ್ಮಿನ ಮೊದಲ ಕಪ್ಪು ಮನೆಯ) ಶ್ರುತಿಗೆ ಕೂಡಿಸಿದ ಗಂಡು ತಂಬೂರಿಯ ಮಂದ್ರ ಪಂಚಮ, ಅಂದರೆ ಕೆಳಗಿನ ಸಪ್ತಕದ ಪ ಸ್ವರ, ಸುಮಾರು 104 ಹರ್ಟ್ಸ್. ಅದಕ್ಕಿಂತ ತುಸು ಕೆಳಗೆ ನಿಂತ 100ರ ಸದ್ದು ಪಂಚಮವೇ ಇಳಿದಂತೆ ಕೇಳಿಸುತ್ತದೆ.

ಯಾವ ವಸ್ತುವನ್ನೂ ಬದಲಿಸುವ ಮೊದಲು ಸದ್ದು ಎಲ್ಲಿಂದ ಒಳಬರುತ್ತಿದೆ ಎಂಬುದನ್ನು ತಿಳಿಯಬೇಕು. ವಾಲ್ಯೂಮನ್ನು ಪೂರ್ತಿ ಇಳಿಸಿದರೂ ಸದ್ದು ಅಷ್ಟೇ ಇದ್ದರೆ ದೋಷ ಬಹುಮಟ್ಟಿಗೆ ಆಂಪ್ಲಿಫಯರಿನ ಒಳಗಿದೆ. ಹಳೆಯ ಸೆಟ್ಟುಗಳಲ್ಲಿ ಒಳಗಿನ ವಿದ್ಯುತ್ತಿನ ಏರಿಳಿತವನ್ನು ಸಮ ಮಾಡುವ ಫಿಲ್ಟರ್ ಕೆಪಾಸಿಟರ್ ಸೋತಿರುತ್ತದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ವಿದ್ಯುತ್ತು ಉಳಿದಿರುವುದರಿಂದ ಅದನ್ನು ತಿಳಿದವರೇ ಬಿಚ್ಚಬೇಕು. ವಾಲ್ಯೂಮಿನೊಂದಿಗೆ ಸದ್ದೂ ಏರಿದರೆ, ಪ್ರತಿ ಸಲ ಸೆಟ್ಟನ್ನು ಆಫ್ ಮಾಡಿ, ಹಿಂಬದಿಯ ಕೇಬಲ್ಲುಗಳನ್ನು ಒಂದೊಂದಾಗಿ ತೆಗೆದು ನೋಡಬೇಕು.

ನಮ್ಮ ಮನೆಯಲ್ಲಿ ನಾನು ಸ್ಪೀಕರ್ ವೈರುಗಳನ್ನೆಲ್ಲ ಬದಲಿಸಿ ಸೋತ ಮೇಲೆ, ಸೆಟ್ ಟಾಪ್ ಬಾಕ್ಸಿಗೆ ತಿರುಗಿಸಿ ಕೂರಿಸಿದ್ದ ಕೇಬಲ್ ಟಿವಿಯ ವೈರನ್ನು ಬಿಚ್ಚಿದ ಕೂಡಲೇ ಕೋಣೆ ನಿಶ್ಶಬ್ದವಾಯಿತು. ಬೀದಿಯಿಂದ ಬಂದ ಆ ವೈರಿನ ಹೊರಕವಚಕ್ಕೆ ಒಂದು ಅರ್ತಿಂಗ್, ಮೂರು ಪಿನ್ನಿನ ಪ್ಲಗ್ ಇರುವ ಆಂಪ್ಲಿಫಯರಿಗೆ ಮನೆಯ ಅರ್ತಿಂಗ್. ಇವೆರಡರ ನಡುವೆ ಇದ್ದ ಅಲ್ಪ ವೋಲ್ಟೇಜ್ ವ್ಯತ್ಯಾಸದಿಂದ, ಬಾಕ್ಸಿನಿಂದ ಆಂಪ್ಲಿಫಯರಿಗೆ ಹೋಗುವ ಆಡಿಯೋ ಕೇಬಲ್ಲಿನ ಹೊರಜಾಲರಿಯಲ್ಲಿ ಕರೆಂಟು ಹರಿದು ಸದ್ದಾಗುತ್ತಿತ್ತು. ಟಿವಿ ವೈರಿಗೆ ಐಸೊಲೇಟರ್ (ಸಿಗ್ನಲ್ಲನ್ನು ಬಿಟ್ಟು ಈ ಕರೆಂಟನ್ನು ತಡೆಯುವ ಸಾಧನ) ಹಾಕಿದರೆ, ಅಥವಾ ಬಾಕ್ಸಿನಿಂದ ಬೆಳಕಿನ ರೂಪದಲ್ಲಿ ಧ್ವನಿ ಒಯ್ಯುವ ಆಪ್ಟಿಕಲ್ ಕೇಬಲ್ಲಿನ ಮೂಲಕ ಧ್ವನಿ ತಂದರೆ, ಕರೆಂಟಿನ ಈ ಸುತ್ತು ಕಡಿಯುತ್ತದೆ. ಪ್ಲಗ್ಗಿನ ಮೂರನೆಯ ಪಿನ್ನನ್ನು ಮುರಿದುಬಿಡಿ ಎಂಬ ಸಲಹೆ ನನಗೂ ಬಂದಿತ್ತು. ದಯವಿಟ್ಟು ಅದನ್ನು ಎಂದಿಗೂ ಮಾಡಬೇಡಿ: ಒಳಗಿನ ವೈರು ಸಡಿಲಗೊಂಡು ಲೋಹದ ಪೆಟ್ಟಿಗೆಗೆ ತಾಗಿದರೆ ಮುಟ್ಟಿದವರಿಗೆ 230 ವೋಲ್ಟಿನ ಹೊಡೆತ ಬೀಳುತ್ತದೆ. ಹುಬ್ಬಳ್ಳಿ, ಗದಗ ಕಡೆಯ ಎರೆಭೂಮಿ ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡುವುದರಿಂದ ಮನೆಯ ಅರ್ತಿಂಗ್ ಗುಂಡಿಗೆ ಆಗಾಗ ನೀರು ಹಾಕುವುದೂ ಒಳ್ಳೆಯದು.

ರೆಕಾರ್ಡ್ ಪ್ಲೇಯರಿನ ವಿಷಯ ಇನ್ನೂ ನಾಜೂಕು. ಸೂಜಿಯ ಕಂಪನವನ್ನು ವಿದ್ಯುತ್ತಾಗಿಸುವ ಸಾಮಾನ್ಯ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್ ಕೊಡುವುದು ಕೆಲವೇ ಮಿಲಿವೋಲ್ಟ್. ರೆಕಾರ್ಡ್ ಪ್ಲೇಯರಿಗೆಂದೇ ಇರುವ ಫೋನೋ ಭಾಗ ಅದನ್ನು ಸುಮಾರು 100 ಪಟ್ಟು ಹಿಗ್ಗಿಸುವಾಗ ಅಕ್ಕಪಕ್ಕದ ಸದ್ದೂ ಹಿಗ್ಗುತ್ತದೆ. ಪ್ಲೇಯರಿನಿಂದ ಹೊರಡುವ ಸಣ್ಣ ಅರ್ತ್ ವೈರಿನ ಕವಲುತುದಿ ಆಂಪ್ಲಿಫಯರಿನ ಹಿಂದಿನ ತಿರುಪಿಗೆ ಬಿಗಿಯಾಗಿ ಕೂತಿದೆಯೇ ಎಂದು ನೋಡಿ. ಧೂಳು, ಕಿಲುಬು ಹಿಡಿದಿದ್ದರೆ ಉಜ್ಜಿ ಒರೆಸಿ. ಆಮೇಲೂ ಸದ್ದಿದ್ದರೆ ಪ್ಲೇಯರನ್ನು ಆಂಪ್ಲಿಫಯರಿನ ಟ್ರಾನ್ಸ್‌ಫಾರ್ಮರಿನಿಂದ ಎರಡು ಮೂರು ಅಡಿ ದೂರ ಸರಿಸಿ.

ವಾಲ್ಯೂಮ್ ತಿರುಗಿಸುವಾಗ ಮಾತ್ರ ಬರುವ ಕರಕರ ಸದ್ದಿಗೆ ಕಾಂಟ್ಯಾಕ್ಟ್ ಕ್ಲೀನರ್ ಸಾಕು. ಫ್ಯಾನನ್ನು ನಿಧಾನವಾಗಿ ತಿರುಗಿಸಿದಾಗ ಜುರ್ ಎನ್ನುವುದು ಎಲೆಕ್ಟ್ರಾನಿಕ್ ರೆಗ್ಯುಲೇಟರಿನ ಕೆಲಸ. ಸ್ಟೆಪ್ ರೆಗ್ಯುಲೇಟರ್ ಹಾಕಿಸಿದರೆ ಅದು ನಿಲ್ಲುತ್ತದೆ. ಕರೆಂಟು ಹೋದಾಗಷ್ಟೇ ಸದ್ದು ಬಂದರೆ ನಿಮ್ಮ ಇನ್ವರ್ಟರ್ ಸ್ಕ್ವೇರ್ ವೇವ್, ಅಂದರೆ ನಯವಾದ ಅಲೆಯ ಬದಲು ಚೌಕಾಕಾರದ ಅಲೆಯ ಕರೆಂಟು ಕೊಡುವ ಬಗೆಯದೇ ಎಂದು ನೋಡಿ. ಸೈನ್ ವೇವ್ ಇನ್ವರ್ಟರ್ ತರುವವರೆಗೆ ಆ ಹೊತ್ತಿನಲ್ಲಿ ಸೆಟ್ಟನ್ನು ಆರಿಸಿಡುವುದೇ ಲೇಸು.