ಭೇಟಿ ಮುಗಿದ ಸಂಜೆ: ಕುಡಿತ ತಡೆಯಲು ನಾನು ಕಂಡುಕೊಂಡ ದಾರಿ

ಅಪ್ಪ ಅಮ್ಮನಿಂದ ದೂರ, ಬೇರೆಡೆ ಇರಿಸಿದ ಮಕ್ಕಳ ಕುಟುಂಬಗಳ ಕೇಸು ನೋಡುವುದು ನನ್ನ ಕೆಲಸ. ಗೊತ್ತುಪಡಿಸಿದ ದಿನ ಮಗುವನ್ನು ನೋಡಿ ಬಂದ ಸಂಜೆಯೇ ಅಪ್ಪ ಅಮ್ಮಂದಿರು ಜಾಸ್ತಿ ಕುಡಿಯುತ್ತಾರೆ ಅಂದಾಗ ಮೀಟಿಂಗಿನಲ್ಲಿ ಇಬ್ಬರು ನಕ್ಕಿದ್ದರು. ಈಗ ಅವರೇ ತಮ್ಮ ಕೇಸುಗಳ ಪಟ್ಟಿ ಹಿಡಿದು ನನ್ನ ಟೇಬಲ್ ಹತ್ತಿರ ಬರುತ್ತಾರೆ. ಅದಕ್ಕೇ ಬರೆದುಬಿಡೋಣ ಅನ್ನಿಸಿತು.

ಮೊದಲು ಸೋತ ಕಥೆ. ಮೊದಲ ವರ್ಷ ಕೈಗೆ ಬಂದ ಹಣದಲ್ಲಿ ಅರ್ಧಕ್ಕಿಂತ ಜಾಸ್ತಿ ಮೂತ್ರ ಪರೀಕ್ಷೆ ಕಿಟ್ಟುಗಳಿಗೆ ಸುರಿದೆ. ದಿನಾ ಗಾಂಜಾ ಸೇದುವವರಲ್ಲಿ ಅದು ವಾರಗಟ್ಟಲೆ ಸಿಗುತ್ತದೆ, ನಿಜ. ಆದರೆ ನಮ್ಮ ಮನೆಗಳಲ್ಲಿ ಮುಕ್ಕಾಲು ಪಾಲು ತೊಂದರೆ ಮದ್ಯದ್ದು. ಸಾಮಾನ್ಯ ಪರೀಕ್ಷೆಯಲ್ಲಿ ಒಂದು ದಿನ ಕಳೆದರೆ ಅದರ ಸುಳಿವೇ ಇರುವುದಿಲ್ಲ. ಶನಿವಾರ ಕುಡಿದವರು ಸೋಮವಾರ ಪಾಸು! ಒಬ್ಬ ತಾಯಿಯಂತೂ ನೆಗಡಿ ಮಾತ್ರೆ ನುಂಗಿ ಫೇಲಾದರು. ಲ್ಯಾಬಿನಿಂದ ಸರಿಯಾದ ವರದಿ ಬರುವಷ್ಟರಲ್ಲಿ ಎರಡು ಭೇಟಿ ರದ್ದಾಗಿದ್ದವು. ಆಮೇಲೆ ಆಕೆ ನನ್ನ ಹತ್ತಿರ ಬಾಯಿ ಬಿಡಲೇ ಇಲ್ಲ.

ಇನ್ನೊಬ್ಬರಿಗೆ "ಮಗು ಬೇಕಾದರೆ ಇವತ್ತೇ ಬಿಡಿ" ಅಂದೆ. ಬಿಟ್ಟರು. ಎರಡನೇ ದಿನ ಫಿಟ್ಸ್ ಬಂತು. ದಿನಾ ವಿಪರೀತ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಹೀಗಾಗಬಹುದು ಅಂತ ನನಗೆ ಗೊತ್ತಿತ್ತು, ಆದರೂ ನಾಲಿಗೆ ಓಡಿತು. ಅಂಥವರನ್ನು ಈಗ ಸೀದಾ ಡಾಕ್ಟರ ಹತ್ತಿರ ಕಳಿಸುತ್ತೇನೆ. ನಾನಿಲ್ಲಿ ಹೇಳುತ್ತಿರುವುದು ಇನ್ನೂ ಆ ಮಟ್ಟಕ್ಕೆ ಹೋಗದವರ ವಿಷಯ.

ದಾರಿ ತೋರಿಸಿದ್ದು ಒಂದು ಕಾಲುಚೀಲ. ಭೇಟಿ ಮುಗಿಸಿ ಹೊರಟ ತಾಯಿಯ ಬ್ಯಾಗಿನಲ್ಲಿ ಮಗುವಿನ ಒಂದು ಕಾಲುಚೀಲ ಉಳಿದುಬಿಟ್ಟಿತ್ತು. ಕೊಡೋಣ ಅಂತ ಓಡಿದರು, ಅಷ್ಟರಲ್ಲಿ ಮಗುವಿದ್ದ ಕಾರು ಹೊರಟುಹೋಗಿತ್ತು. ಗೇಟಿನ ಹತ್ತಿರ ಅದನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ನಿಂತಿದ್ದರು. ಅವತ್ತು ರಾತ್ರಿ ಕುಡಿದರು, ಆರು ತಿಂಗಳಲ್ಲಿ ಮೊದಲ ಸಲ. ಮನೆಗೆ ಬಂದು ಹಳೆಯ ಡೈರಿಗಳನ್ನೆಲ್ಲ ಹರವಿ, ಯಾರು ಯಾವತ್ತು ಎಡವಿದರೋ ಅಲ್ಲಿ ಕೆಂಪು ಚುಕ್ಕೆ ಇಟ್ಟೆ. ಅರ್ಧದಷ್ಟು ಚುಕ್ಕೆ ಭೇಟಿಯ ದಿನವೇ ಬಿದ್ದಿದ್ದವು.

ಮಾಡಿದ್ದು ಎರಡೇ ಕೆಲಸ. ಸಂಜೆಯ ಭೇಟಿಗಳನ್ನು ಬೆಳಿಗ್ಗೆಗೆ ತಂದೆ. ಸಂಜೆ ಹೊತ್ತಿಗೆ, ಇದೇ ಪಾಡು ಪಟ್ಟು ಮಗುವನ್ನು ಮನೆಗೆ ಕರೆತಂದ ಒಬ್ಬರನ್ನು ಅವರ ಜೊತೆ ಕೂರಿಸಿದೆ. ಕೈಯಲ್ಲಿ ಪೆನ್ನಿಲ್ಲ, ಫೈಲಿಲ್ಲ. ಮಗುವಿಗೆ ಅಪಾಯ ಅನ್ನಿಸಿದರೆ ಮಾತ್ರ ನನಗೆ ತಿಳಿಸಬೇಕು. ಇದನ್ನು ಮೊದಲ ದಿನವೇ ಮುಖಕ್ಕೆ ಹೇಳಿಬಿಡುತ್ತೇವೆ.

ಕುಡಿತ ಎಷ್ಟಿದೆ ಅಂತ ಅಳೆಯುವ, ವಿಶ್ವ ಆರೋಗ್ಯ ಸಂಸ್ಥೆಯ ‘ಆಡಿಟ್’ ಅನ್ನುವ 10 ಪ್ರಶ್ನೆಗಳು ಗೊತ್ತಲ್ವಾ, 40ಕ್ಕೆ 8 ಬಂದರೆ ಎಚ್ಚರಿಕೆ ಅಂತ? ನಾನು ಕೇಳಿದರೆ ಎಲ್ಲರದ್ದೂ ಸೊನ್ನೆ, ಒಂದು. ಅದೇ ಪ್ರಶ್ನೆಗಳನ್ನು ಆ ಜೊತೆಗಾತಿ ಕೇಳಿದರೆ 9, 11, 14. ಸುಳ್ಳು ಹೇಳಿಸುತ್ತಿದ್ದುದು ನನ್ನ ಕುರ್ಚಿ.

ಹಣ? ಕಿಟ್ಟುಗಳನ್ನು ಕಾಲು ಭಾಗಕ್ಕೆ ಇಳಿಸಿದೆ. ಉಳಿದದ್ದರಲ್ಲಿ ಹೀಗೆ ಜೊತೆ ಕೂರುವ ಇಬ್ಬರಿಗೆ ಅರ್ಧ ದಿನದ ಸಂಬಳ ಹೊಂದಿತು. ಇದನ್ನು ಯಾವ ಬಾಬ್ತಿನಲ್ಲಿ ತೋರಿಸುವುದು ಅಂತ ಮೇಲಿನವರು ಮೂರು ತಿಂಗಳು ಎಳೆದಾಡಿದರು. ಕೊನೆಗೆ "ಪ್ರಯಾಣ ಮತ್ತು ತರಬೇತಿ"ಯಲ್ಲಿ ನುಸುಳಿಸಿದೆವು.

ನಡುವೆ ಒಂದು ಹುಚ್ಚೂ ಹಿಡಿದಿತ್ತು. ಬಂದವರಿಗೆಲ್ಲ ಡಬ್ಬಿಯಿಂದ ಚೀಟಿ ಎತ್ತಿಸಿ ಸಣ್ಣ ಬಹುಮಾನ ಕೊಟ್ಟೆ. ಆರು ವಾರ ಜನ ತುಂಬಿದ್ದರು. ಬಹುಮಾನ ಮುಗಿಯಿತು, ಜನವೂ ಮುಗಿದರು. ಸಂಜೆ ಏಳಕ್ಕೆ ಮೆಸೇಜು ಕಳಿಸಿ ನೋಡಿದೆ. ಅರ್ಧ ಜನ ಬ್ಲಾಕ್ ಮಾಡಿದರು.

ಎರಡು ವರ್ಷದಲ್ಲಿ ಸುಮಾರು ನಲವತ್ತು ಮನೆ. ಕುಡಿತ ಕೈಮೀರಿದ್ದು ಐದೋ ಆರೋ ಕಡೆ. ಮುಂಚೆ ಇಷ್ಟೇ ಮನೆಗಳಲ್ಲಿ ಹದಿನೈದರ ಹತ್ತಿರ ಇರುತ್ತಿತ್ತು. ಜೊತೆಗಾತಿ ಬಾಗಿಲು ತಟ್ಟಿ ಮೊದಲು ಏನು ಹೇಳುತ್ತಾರೆ ಅಂತ ತುಂಬಾ ಜನ ಕೇಳಿದ್ದಾರೆ. ಅದನ್ನು ಮಾತ್ರ ಬರೆಯುವುದಿಲ್ಲ. ನಾಳೆ ಅದೂ ಒಂದು ಫಾರಂ ಆಗಿಬಿಡುತ್ತದೆ.

ಈಚೆಗೆ ಕೋರ್ಟಿಗೆ ಹೋಗುವ ಹಿಂದಿನ ರಾತ್ರಿಗಳಲ್ಲೂ ಕೆಂಪು ಚುಕ್ಕೆ ಕಾಣುತ್ತಿದೆ. ಅದಕ್ಕೆ ಇನ್ನೂ ಏನೂ ಹೊಳೆದಿಲ್ಲ.