ಯುದ್ಧ ಸಂತ್ರಸ್ತರ ನೆರವಿಗೆ ಅನುದಾನ: ಅರ್ಜಿಗೆ ಮೊದಲು ಲೆಕ್ಕ

ಅರ್ಜಿ ನಮೂನೆ ತೆರೆಯುವ ಮುನ್ನ ಒಂದು ಪ್ರಶ್ನೆಗೆ ಉತ್ತರ ಹುಡುಕಿ. ನಿಮ್ಮ ಸಂಸ್ಥೆ ಅರ್ಜಿ ಹಾಕಲಿರುವ ನಿಧಿ ‘ಸಂತ್ರಸ್ತರು’ ಎನ್ನುವುದು ಯಾರನ್ನು? ವಿಶ್ವಸಂಸ್ಥೆಯ ಚಿತ್ರಹಿಂಸೆ ಸಂತ್ರಸ್ತರ ನಿಧಿ 1981ರಲ್ಲಿ ಸ್ಥಾಪನೆಯಾಯಿತು. ವೈದ್ಯಕೀಯ, ಮಾನಸಿಕ, ಸಾಮಾಜಿಕ, ಕಾನೂನು ನೆರವನ್ನು ನೇರವಾಗಿ ಕೊಡುವ ಸಂಸ್ಥೆಗಳಿಗೆ ಅದು ಹಣ ಕೊಡುತ್ತದೆ. ಆದರೆ 1984ರ ಚಿತ್ರಹಿಂಸೆ ವಿರೋಧಿ ಒಪ್ಪಂದದ 1ನೇ ವಿಧಿಯೇ ಅದಕ್ಕೆ ಅಳತೆಗೋಲು. ಬೇಕೆಂದೇ ಕೊಟ್ಟ ತೀವ್ರ ನೋವಿನ ಹಿಂದೆ ಸರ್ಕಾರಿ ಅಧಿಕಾರಿಯ ಕೈವಾಡವೋ ಸಮ್ಮತಿಯೋ ಇರಬೇಕು. ಶೆಲ್ ಬಿದ್ದು ಮನೆ ಕಳೆದುಕೊಂಡ ಕುಟುಂಬದ ಸಂಕಟ ಕಡಿಮೆಯದೇನಲ್ಲ, ಆದರೂ ಅದು ಈ ವ್ಯಾಖ್ಯೆಯೊಳಗೆ ಬರುವುದಿಲ್ಲ. ನೊಬೆಲ್ ಶಾಂತಿ ಪುರಸ್ಕೃತರಾದ ಡೆನಿಸ್ ಮುಕ್ವೆಗೆ ಮತ್ತು ನಾದಿಯಾ ಮುರಾದ್ 2019ರಲ್ಲಿ ಕಟ್ಟಿದ ಗ್ಲೋಬಲ್ ಸರ್ವೈವರ್ಸ್ ಫಂಡ್ ಯುದ್ಧಕಾಲದ ಲೈಂಗಿಕ ಹಿಂಸೆಗೆ ತುತ್ತಾದವರಿಗಾಗಿ ಇರುವಂಥದ್ದು. ನೆಲಬಾಂಬ್ ಗಾಯಾಳುಗಳ ಕೆಲಸಕ್ಕೆ ಬೇರೆ ನಿಧಿಗಳನ್ನೇ ನೋಡಬೇಕು. ಎಲ್ಲ ಬಗೆಯ ಸಂತ್ರಸ್ತರನ್ನೂ ಒಂದೇ ಅರ್ಜಿಗೆ ತುಂಬಿದರೆ ಅದು ಮೊದಲ ಜರಡಿಯಲ್ಲೇ ಉದುರಿಹೋಗುತ್ತದೆ.

ಎರಡನೆಯದು ಕಾಗದಪತ್ರ. ನೋಂದಣಿ ಪತ್ರ, ಹಿಂದಿನ ವರ್ಷಗಳ ಆಡಿಟ್ ವರದಿ, ಆಡಳಿತ ಮಂಡಳಿಯ ಪಟ್ಟಿ, ಸಂಸ್ಥೆಯ ಹೆಸರಿನಲ್ಲೇ ಇರುವ ಬ್ಯಾಂಕ್ ಖಾತೆ. ಇವೆಲ್ಲದರಲ್ಲೂ ಹೆಸರಿನ ಕಾಗುಣಿತ ಅಕ್ಷರಕ್ಷರ ಒಂದೇ ಇರಲಿ. ಸಂಘರ್ಷದ ಪ್ರದೇಶಕ್ಕೆ ಹೋಗುವ ಹಣವನ್ನು ಬ್ಯಾಂಕುಗಳು ನಿರ್ಬಂಧ ಪಟ್ಟಿಗಳೊಂದಿಗೆ (ಹಣ ಕಳಿಸಬಾರದ ವ್ಯಕ್ತಿ, ಸಂಸ್ಥೆಗಳ ಪಟ್ಟಿ) ತಾಳೆ ನೋಡುತ್ತವೆ. ನೋಂದಣಿಯಲ್ಲಿ ಒಂದು ಹೆಸರು, ಖಾತೆಯಲ್ಲಿ ಇನ್ನೊಂದು ಎಂದಾದರೆ ಮಂಜೂರಾದ ಹಣವೂ ವಾರಗಟ್ಟಲೆ ನಡುದಾರಿಯಲ್ಲಿ ನಿಲ್ಲಬಹುದು.

ಮೂರನೆಯದಾಗಿ ಬಜೆಟ್. ವಿವರಣೆ ಬರೆದು ಮುಗಿಸಿ, ಕೊನೆಯ ರಾತ್ರಿ ಅಂಕಿ ತುಂಬುವ ರೂಢಿಯಿಂದ ಆಗುವ ನಷ್ಟ ದೊಡ್ಡದು. ಲೆಕ್ಕ ಶುರುವಾಗಬೇಕಾದದ್ದು ಒಬ್ಬ ವ್ಯಕ್ತಿಗೆ ಏನು ಬೇಕು ಎಂಬಲ್ಲಿಂದ. ಉದಾಹರಣೆಗೆ 60 ಜನರಿಗೆ ತಲಾ 12 ಬಾರಿ ಆಪ್ತಸಮಾಲೋಚನೆ ಎಂದರೆ 720 ಭೇಟಿಗಳು. ಒಬ್ಬ ಸಮಾಲೋಚಕರು ದಿನಕ್ಕೆ 4 ಭೇಟಿಯಂತೆ ವಾರಕ್ಕೆ 4 ದಿನ ಮಾಡಲಿ, 5ನೇ ದಿನ ಟಿಪ್ಪಣಿಗೆ, ಮೇಲ್ವಿಚಾರಕರೊಂದಿಗಿನ ಮಾತಿಗೆ ಇರಲಿ. ರಜೆ ಕಳೆದು ವರ್ಷಕ್ಕೆ 44 ವಾರ ಹಿಡಿದರೆ 704 ಭೇಟಿ. ಹೆಚ್ಚುಕಡಿಮೆ ಸರಿಹೊಂದಿತು ಎನಿಸುತ್ತದೆ.

ಈಗ ದುಭಾಷಿಯನ್ನು ಸೇರಿಸಿ. ಪ್ರತಿ ಮಾತೂ ಎರಡು ಬಾರಿ ಆಡಬೇಕಾದ್ದರಿಂದ 50 ನಿಮಿಷದ ಭೇಟಿ 90ಕ್ಕೆ ಹೋಗುತ್ತದೆ, ದಿನಕ್ಕೆ 3 ಭೇಟಿ ಮಾತ್ರ ಸಾಧ್ಯ. ವರ್ಷಕ್ಕೆ 528, ಅಂದರೆ 44 ಜನರಿಗಷ್ಟೇ ಸಾಕು. ಉಳಿದ 16 ಜನರ ಕೈಬಿಡಬಾರದೆಂದರೆ ಅರ್ಧಾವಧಿಯ ಇನ್ನೊಬ್ಬ ಸಮಾಲೋಚಕರು ಬೇಕು. ಆಗ ಒಟ್ಟು 792 ಭೇಟಿ ಆಗುತ್ತದೆ, ತಪ್ಪಿದ ಭೇಟಿಗಳನ್ನು ಮತ್ತೆ ನಡೆಸಲೂ ಜಾಗ ಸಿಗುತ್ತದೆ. ದುಭಾಷಿಯ ಸಂಬಳ, ಬರುವವರ ಬಸ್ ಖರ್ಚು, ಜೊತೆಗಿರುವ ಮಗುವನ್ನು ನೋಡಿಕೊಳ್ಳುವವರು, ಸಮಾಲೋಚಕರಿಗೇ ಬೇಕಾದ ಮೇಲ್ವಿಚಾರಣೆ, ಇವನ್ನೂ ಒಂದೊಂದು ಸಾಲಾಗಿ ಬರೆಯಿರಿ. ದಿನವಿಡೀ ಇಂಥ ನೋವನ್ನು ಕೇಳುವವರು ತಾವೇ ಕುಸಿಯುತ್ತಾರೆ. ಅವರ ಆಸರೆಗೆ ಹಣ ಕೇಳುವುದು ದುಂದುವೆಚ್ಚವಲ್ಲ.

ಕೃತಕ ಕಾಲಿನ ವಿಷಯದಲ್ಲೂ ಇದೇ ತಪ್ಪು ನಡೆಯುತ್ತದೆ. ವಯಸ್ಕರಿಗೆ ಸಾಮಾನ್ಯವಾಗಿ 3ರಿಂದ 5 ವರ್ಷಕ್ಕೊಮ್ಮೆ ಬದಲಿಸಿದರೆ ಸಾಕು. ಬೆಳೆಯುವ ಮಗುವಿಗೆ 6ರಿಂದ 12 ತಿಂಗಳಿಗೇ ಹೊಸದು ಬೇಕು. ಮಗುವಿಗೊಂದು ಕಾಲು ಎಂದು ಬರೆದು ಸುಮ್ಮನಾದರೆ, ಉಳಿದ ಕಾಲನ್ನು ತೂರಿಸುವ ಸಾಕೆಟ್ ಬಿಗಿಯಾಗಿ ಚರ್ಮ ಉಜ್ಜಿ ಹುಣ್ಣಾಗುತ್ತದೆ, ಮಗು ಅದನ್ನು ಮೂಲೆಗಿಟ್ಟು ಊರುಗೋಲಿಗೆ ಮರಳುತ್ತದೆ.

ಕಚೇರಿ ಬಾಡಿಗೆ, ಲೆಕ್ಕಿಗರ ಸಂಬಳದಂಥ ಪರೋಕ್ಷ ವೆಚ್ಚವನ್ನು ಸಂಕೋಚಪಟ್ಟು ಬಿಟ್ಟುಬಿಡಬೇಡಿ. ವಿಶ್ವಸಂಸ್ಥೆಯ ದೇಶವಾರು ಮಾನವೀಯ ನಿಧಿಗಳು ನೇರ ವೆಚ್ಚದ ಶೇ 7ರವರೆಗೆ ಒಪ್ಪುತ್ತವೆ. ಲೆಕ್ಕ ನೋಡುವವರೇ ಇಲ್ಲದಿದ್ದರೆ ವರದಿ ತಡವಾಗುತ್ತದೆ, ಮುಂದಿನ ಕಂತು ನಿಲ್ಲುತ್ತದೆ.

ನಾಲ್ಕನೆಯದು ವಿವರಣೆ. ಅರ್ಜಿಗೆ ಜೀವ ಬರಲೆಂದು ಬದುಕುಳಿದವರನ್ನು ಕೂರಿಸಿ ಕಥೆ ಹೇಳಿಸಬೇಡಿ. ಬರುತ್ತದೋ ಇಲ್ಲವೋ ತಿಳಿಯದ ಹಣಕ್ಕಾಗಿ ಗಾಯ ಕೆದಕಿದಂತಾಗುತ್ತದೆ. ಎಷ್ಟು ಜನ ನೆರವಿಗೆ ಕಾದಿದ್ದಾರೆ, ಎಷ್ಟು ವಾರ ಕಾಯುತ್ತಾರೆ, ಹತ್ತಿರದ ಚಿಕಿತ್ಸೆ ಎಷ್ಟು ದೂರ ಎಂದು ಬರೆದರೆ ಅಗತ್ಯ ತಾನಾಗಿ ಕಾಣುತ್ತದೆ. ‘ಎಲ್ಲರೂ ಪೂರ್ತಿ ಗುಣವಾಗುತ್ತಾರೆ’ ಎಂಬ ಭರವಸೆಯನ್ನು ಈ ಕೆಲಸ ಬಲ್ಲ ಪರಿಶೀಲಕರು ನಂಬುವುದಿಲ್ಲ. ಆರಂಭದಲ್ಲಿ, 3ನೇ ತಿಂಗಳಲ್ಲಿ, ಕೊನೆಯಲ್ಲಿ ಒಂದೇ ಪ್ರಶ್ನಾವಳಿಯಿಂದ ಅಳೆಯುತ್ತೇವೆ ಎಂದು ಬರೆಯಿರಿ. ಆಘಾತದ ನಂತರ ಉಳಿಯುವ ಮಾನಸಿಕ ತೊಂದರೆಯನ್ನು ಅಳೆಯುವ, 20 ಪ್ರಶ್ನೆಗಳ ಪಿಸಿಎಲ್-5 ಅಂಥದ್ದೊಂದು.

ಗೋಪ್ಯತೆಯ ವ್ಯವಸ್ಥೆಯನ್ನು ಅರ್ಜಿಯಲ್ಲೇ ಹೇಳಿಬಿಡಿ. ಸಹಿ ಪಟ್ಟಿಯಲ್ಲಿ, ರಸೀದಿಗಳಲ್ಲಿ ಹೆಸರಿನ ಬದಲು ಸಂಕೇತ ಸಂಖ್ಯೆ ಇರಲಿ. ಯಾವ ಸಂಖ್ಯೆ ಯಾರದು ಎಂಬ ಪಟ್ಟಿ ಬೇರೆ ಕಡೆ ಬೀಗದೊಳಗಿರಲಿ. ಆಡಿಟರ್ ಮೂಲ ಕಾಗದವನ್ನು ಕಚೇರಿಯಲ್ಲೇ ನೋಡಬಹುದು, ಪ್ರತಿ ಒಯ್ಯುವಂತಿಲ್ಲ ಎಂದು ಒಪ್ಪಂದಕ್ಕೆ ಸಹಿ ಹಾಕುವ ಮುನ್ನವೇ ಬರೆಸಿಕೊಳ್ಳಿ. ಸಹಿಯಾದ ಮೇಲೆ ಬದಲಿಸುವುದು ಕಷ್ಟ. ಒಂದು ಪಟ್ಟಿ ಕೈತಪ್ಪಿದರೂ ಜೀವಗಳು ಅಪಾಯಕ್ಕೆ ಸಿಲುಕುತ್ತವೆ.

ಹಣ ಮಂಜೂರಾದ ಮೇಲೆ ಕಂತುಗಳ ಷರತ್ತು ಓದಿ. ಅಂತಿಮ ವರದಿ ಒಪ್ಪಿಗೆಯಾಗುವವರೆಗೆ ಕೊನೆಯ ಕಂತನ್ನು ಹಲವು ದಾನಿಗಳು ತಡೆಹಿಡಿಯುತ್ತಾರೆ. ಆ ತಿಂಗಳುಗಳ ಸಂಬಳ ಎಲ್ಲಿಂದ ಎಂಬುದು ಮೊದಲೇ ತೀರ್ಮಾನವಾಗಿರಬೇಕು. ಡಾಲರ್ ಅಥವಾ ಯೂರೋದಲ್ಲಿ ಬಂದ ಹಣವನ್ನು ಸ್ಥಳೀಯ ನಾಣ್ಯಕ್ಕೆ ಬದಲಿಸಿದ ದಿನದ ದರದ ಚೀಟಿಯನ್ನು ಪ್ರತಿ ಸಲ ತೆಗೆದಿಡಿ. ಅದಿಲ್ಲದೆ ವಿನಿಮಯದ ನಷ್ಟವನ್ನು ತೋರಿಸಲಾಗುವುದಿಲ್ಲ.

12 ವಾರದ ಚಿಕಿತ್ಸೆಯಾದರೆ ಅನುದಾನ ಮುಗಿಯಲು 3 ತಿಂಗಳಿರುವಾಗ ಹೊಸಬರ ದಾಖಲಾತಿ ನಿಲ್ಲಿಸಿ. ಅದಾದ ಮೇಲೆ ಬಂದವರನ್ನು ಬೇರೆ ಚಿಕಿತ್ಸಾಲಯಕ್ಕೆ ಕರೆದೊಯ್ಯಲು ಬೇಕಾದ ಪ್ರಯಾಣದ ಖರ್ಚಿಗೂ ಬಜೆಟ್‌ನಲ್ಲಿ ಒಂದು ಸಾಲು ಇರಲಿ.